ಟೀಚರಮ್ಮನ ಮೈಕು

ಹೊಳೆನರಸೀಪುರ
12-2-2004

ದೇವರಾಜುವಿಗೆ,

ಇಲ್ಲಿ ಎಲ್ಲ ಕ್ಷೇಮ. ನಿನ್ನ ಕ್ಷೇಮ ಕೇಳುವಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ, ಹಾಗಾಗಿ ಕೇಳುವುದಿಲ್ಲ.

ನಮ್ಮ ಪಕ್ಕದ ಮನೆಯ ರಾಮಣ್ಣ ದಿನಾ ಬಸ್ಸಿನಲ್ಲಿ ನಿಮ್ಮ ಅರಕಲಗೂಡಿಗೆ ಕೆಲಸಕ್ಕೆ ಬರುತ್ತಾರೆ. ಅವರ ಕೈಯಲ್ಲಿ ಒಂದು ಬಟ್ಟೆಯ ಚೀಲ ಕಳಿಸಿದ್ದೇನೆ. ಒಳಗೆ ನನ್ನ ಮೈಕು ಇದೆ. ಮೊನ್ನೆ ನಮ್ಮ ಯಜಮಾನರ ವರ್ಷಾಬ್ದಿಕ ಮುಗಿಯಿತು. ಅವರ ಬೀರು ಖಾಲಿ ಮಾಡುವಾಗ ಪಂಚೆಗಳ ಅಡಿಯಲ್ಲಿ ಸಿಕ್ಕಿತು. ನಾನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದ ನೆನಪು. ಅಲ್ಲಿಗೆ ಹೇಗೆ ಬಂತೋ ತಿಳಿಯದು.

ಇದರ ಕಥೆ ನಿನಗೆ ಗೊತ್ತು. ಕಟ್ಟಾಯದಲ್ಲಿ ನನ್ನ ಗಮಕ ವಾಚನಕ್ಕೆ ಮೊದಲು ಸಭೆಯ ಅಧ್ಯಕ್ಷರು ಬಾಯ್ತುಂಬ ಎಲೆಅಡಿಕೆ ಇಟ್ಟುಕೊಂಡು ಮುಕ್ಕಾಲು ಗಂಟೆ ಭಾಷಣ ಬಿಗಿದರು. ಆಮೇಲೆ ನೋಡಿದರೆ ಮೈಕಿನ ಜಾಲರಿಯೆಲ್ಲ ಕೆಂಪು. ಅಂಥ ಎಂಜಲಿನ ಎದುರು ಬಾಯಿ ತೆರೆದು ಪದ್ಯ ಓದಲಾರೆ ಅಂತ ಎದ್ದುಬಂದೆ. ಯಜಮಾನರು ಮರುವರ್ಷ ಮದರಾಸಿಗೆ ಹೋದಾಗ ನನಗೆಂದೇ ಇದನ್ನು ತಂದರು. ಅಂದಿನಿಂದ ನನ್ನ ಬಾಯಲ್ಲದೆ ಬೇರೊಬ್ಬರ ಬಾಯಿ ಇದರ ಹತ್ತಿರ ಸುಳಿದಿಲ್ಲ. ನೀನು ಕೂಡ ಸಭೆಗಳಿಗೆ ಮೈಕ್‌ಸೆಟ್ ಹಾಕುವಾಗ ಬಟ್ಟೆ ಸುತ್ತಿದ ಬೆರಳಿನಿಂದ ಟಕಟಕ ಬಡಿದು ನೋಡುತ್ತಿದ್ದೆಯೇ ಹೊರತು ಬಾಯಿ ಹಾಕುತ್ತಿರಲಿಲ್ಲ. ಆ ಮಟ್ಟಿಗೆ ನೀನು ಒಳ್ಳೆಯ ಶಿಷ್ಯ.

ಮಿಕ್ಕ ಮಟ್ಟಿಗೆ ಏನೆಂದು ನಾನು ಹೇಳಬೇಕಿಲ್ಲ. ತೊಂಬತ್ತೇಳರ ಡಿಸೆಂಬರಿನಲ್ಲಿ ಚನ್ನರಾಯಪಟ್ಟಣದ ಸಭೆಯಲ್ಲಿ ನನ್ನ ದನಿ ಕೀರಲಾಗಿ ಬಂತು. ಜನ ಕಿವಿ ಮುಚ್ಚಿಕೊಂಡರು. ಸಭೆ ನಡೆಸುವ ಸಂಘದವರು ಬಂದು ನಿನ್ನನ್ನು ಕೇಳಿದರು. ನೀನು ಹೊಸದಾಗಿ ತಂದಿದ್ದ, ಮೈಕುಗಳ ದನಿ ಹೊಂದಿಸುವ ಆ ಮಿಕ್ಸರಿನ ಮುಂದೆ ಕೂತು, ನಿನ್ನ ಮೈಕು ಆನ್ ಆಗಿದೆ ಅನ್ನುವುದನ್ನೂ ನೋಡದೆ ಹೇಳಿದೆ: "ಮಿಕ್ಸರ್ ಸರ್ಯಾಗೈತೆ ಸಾ. ಟೀಚರಮ್ಮನ ಗಂಟ್ಲೇ ಕೆಟ್ಟೋಗೈತೆ. ನಾನೇನ್ ಮಾಡಕಾಯ್ತದೆ?" ಸಭೆಗೆ ಸಭೆಯೇ ಕೇಳಿತು. ನಾಲ್ಕು ಮೂಲೆಯ ಸ್ಪೀಕರಿನಲ್ಲೂ ಕೇಳಿತು. ನಾನು ಪದ್ಯದ ಅರ್ಧದಲ್ಲಿ ಪುಸ್ತಕ ಮುಚ್ಚಿದೆ. ಮತ್ತೆ ತೆರೆಯಲಿಲ್ಲ.

ನಾನು ಓದುತ್ತಿದ್ದೆ, ಯಜಮಾನರು ಪಕ್ಕದಲ್ಲಿ ಕೂತು ಅರ್ಥ ಹೇಳುತ್ತಿದ್ದರು. ಈಗ ಹೇಳುವವರೂ ಇಲ್ಲ. ನಿನಗೆ ಮೈಕಾದರೂ ಉಪಯೋಗಕ್ಕೆ ಬರಲಿ. ಇನ್ನು ಅದಕ್ಕೆ ಮಡಿ ಇಲ್ಲ. ಯಾರು ಬೇಕಾದರೂ ಬಾಯಿ ಹಾಕಬಹುದು.

ಇತಿ,
ಚೂಡಾಮಣಿ


ಅರಕಲಗೂಡು
2-3-2004

ಪೂಜ್ಯ ಟೀಚರ್ ಅವರ ಪಾದಗಳಿಗೆ ದೇವರಾಜುವಿನ ನಮಸ್ಕಾರಗಳು.

ಚೀಲ ತಲುಪಿ ಹದಿನೈದು ದಿನವಾಯಿತು. ಬಿಚ್ಚಲು ಧೈರ್ಯ ಬರಲಿಲ್ಲ. ಯಜಮಾನರು ತೀರಿಕೊಂಡಾಗ ನಾನು ಹೊಳೆನರಸೀಪುರದ ಬಸ್ ಸ್ಟ್ಯಾಂಡಿನವರೆಗೆ ಬಂದು ನಿಮ್ಮ ಬೀದಿಗೆ ಕಾಲಿಡಲಾರದೆ ವಾಪಸು ಬಂದವನು. ನಿಮ್ಮ ಅಕ್ಷರ ನೋಡಿದರೇ ಏಳನೇ ತರಗತಿಯ ಬೆಂಚಿನಲ್ಲಿ ಕೂತಂತಾಗುತ್ತದೆ.

ನಿನ್ನೆ ಬಿಚ್ಚಿದೆ. ಟೀಚರ್, ಈಗ ನಾನು ಬರೆಯುವುದನ್ನು ದಯವಿಟ್ಟು ಕೂತುಕೊಂಡು ಓದಿ.

ಮೈಕು ಇನ್ನೂ ಕೆಲಸ ಮಾಡುತ್ತದೆಯೋ ನೋಡೋಣವೆಂದು ಅಂಗಡಿಯಲ್ಲಿ ಅದೇ ಮಿಕ್ಸರಿಗೆ ಸಿಕ್ಕಿಸಿದೆ. ನೀವೇ ಮಡಿ ಇಲ್ಲ ಎಂದು ಬರೆದಿದ್ದಿರಲ್ಲ, ಅದಕ್ಕೇ ಮೊದಲ ಸಲ ನನ್ನ ಬಾಯಿ ಹತ್ತಿರ ತಂದು "ಹಲೋ ಹಲೋ ಮೈಕ್ ಟೆಸ್ಟಿಂಗ್" ಎಂದೆ.

ನನ್ನ ದನಿ ಹೇಗಿದೆ ಎಂದು ನಿಮಗಿಂತ ಬಲ್ಲವರು ಯಾರು? ಕೋಣನ ದನಿ ಎಂದು ಪ್ರಾರ್ಥನೆಯಲ್ಲಿ ನನ್ನನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸಿ, ಬಾಯಿ ಮಾತ್ರ ಆಡಿಸು ಎಂದಿದ್ದಿರಿ. ಆ ಕೋಣನ ದನಿ ಸ್ಪೀಕರಿನಲ್ಲಿ ತಗಡು ಕೆರೆದ ಹಾಗೆ ಬಂತು. ಕೀರಲು. ಮೂಗಿನಲ್ಲಿ ಸೀಳಿಕೊಂಡು ಬಂದ ಹಾಗೆ. ಒಳಗಿಂದ ನನ್ನ ಹೆಂಡತಿ ಜಯಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಓಡಿಬಂದಳು. "ಇದೇನ್ರೀ ಇದು? ಅವತ್ತು ಚನ್ರಾಯಪಟ್ಣದಲ್ಲಿ ಟೀಚರಮ್ಮಂಗೂ ಇಂಗೇ ಅಲ್ವಾ ಆಗಿದ್ದು?" ಎಂದಳು.

ಬೇರೆ ಮೈಕು ಸಿಕ್ಕಿಸಿದೆ, ನನ್ನ ದನಿ ನನ್ನದೇ. ನಿಮ್ಮದನ್ನು ಸಿಕ್ಕಿಸಿದೆ, ಮತ್ತೆ ಕೀರಲು. ಅಟ್ಟದ ಮೇಲೆ ಹಳೆಯ ವಾಲ್ವಿನ ಆಂಪ್ಲಿಫೈಯರ್ ಇತ್ತು, ಮಿಕ್ಸರ್ ಬರುವ ಮೊದಲು ನಿಮಗೆಲ್ಲ ಹಾಕುತ್ತಿದ್ದದ್ದು. ಧೂಳು ಕೊಡವಿ ನಿಮ್ಮ ಮೈಕನ್ನು ಅದಕ್ಕೆ ಹಾಕಿದೆ. ಟೀಚರ್, ಬೆಣ್ಣೆಯ ಹಾಗೆ ಬಂತು. ಅದೇ ಮೈಕು, ಅದೇ ಬಾಯಿ.

ನಿಮ್ಮ ಗಂಟಲಿಗೆ ಅವತ್ತು ಏನೂ ಆಗಿರಲಿಲ್ಲ.

ಮಿಕ್ಸರ್ ಬಂದಮೇಲೆ ನೀವು ಓದಿದ್ದು ಮೂರೇ ಕಡೆ: ದುದ್ದ, ಹಾಸನ, ಚನ್ನರಾಯಪಟ್ಟಣ. ಮೂರರಲ್ಲೂ ಮಿಕ್ಕವರ ದನಿ ಸರಿಯಾಗಿತ್ತು, ನಿಮ್ಮದೊಂದೇ ಕೀರಲು. ಮಿಕ್ಕವರಿಗೆಲ್ಲ ನನ್ನ ಮೈಕು, ನಿಮಗೊಬ್ಬರಿಗೆ ನಿಮ್ಮದು. ಅದು ಆಗ ನನ್ನ ಮಂಡೆಗೆ ಹೊಳೆಯಲಿಲ್ಲ. ಒಂದೇ ಒಂದು ಸಲ ಅದರಲ್ಲಿ ನಾನು ಹಲೋ ಎಂದಿದ್ದರೆ ಸಾಕಿತ್ತು.

ಯಾಕೆ ಹೀಗಾಗುತ್ತದೆ ಎಂದು ತಿಳಿದುಕೊಳ್ಳದೆ ಬಿಡುವುದಿಲ್ಲ. ಹಾಸನದಲ್ಲಿ ರೇಡಿಯೊ ರಿಪೇರಿಯ ಚನ್ನಪ್ಪನವರನ್ನು ಕೇಳುತ್ತೇನೆ.

ತಮ್ಮ ವಿಧೇಯ,
ದೇವರಾಜು


ಹೊಳೆನರಸೀಪುರ
8-3-2004

ದೇವರಾಜು,

ನಿನ್ನ ಪತ್ರ ಬಂತು. ಕೂತುಕೊಂಡೇ ಓದಿದೆ. ಒಲೆಯ ಮೇಲಿನ ಹಾಲು ಉಕ್ಕಿ ಸೀದು ಹೋಯಿತು, ವಾಸನೆ ಬಂದರೂ ಏಳಲಿಲ್ಲ.

ನೀನು ಸುಳ್ಳು ಬರೆದಿದ್ದರೆ ಈಗಲೇ ಹೇಳಿಬಿಡು. ನನ್ನನ್ನು ಸಮಾಧಾನ ಮಾಡಲು ಕಟ್ಟಿದ ಕಥೆಯಾದರೆ ನಿನ್ನನ್ನು ಕ್ಷಮಿಸಿಬಿಡುತ್ತೇನೆ. ನಿಜವಾದರೆ ಏನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ.

ಚೂಡಾಮಣಿ


ಅರಕಲಗೂಡು
25-3-2004

ಪೂಜ್ಯ ಟೀಚರ್ ಅವರಿಗೆ ನಮಸ್ಕಾರಗಳು.

ಕಥೆಯಲ್ಲ ಟೀಚರ್. ನನಗೆ ಕಥೆ ಕಟ್ಟಲು ಬಂದಿದ್ದರೆ ಕನ್ನಡದಲ್ಲಿ ಪಾಸಾಗುತ್ತಿದ್ದೆ.

ಮೈಕು, ಮಿಕ್ಸರು, ಹಳೆಯ ಆಂಪ್ಲಿಫೈಯರ್ ಮೂರನ್ನೂ ಗೋಣಿಯಲ್ಲಿ ಸುತ್ತಿ ಹಾಸನಕ್ಕೆ ಒಯ್ದೆ. ಚನ್ನಪ್ಪನವರು ರೇಡಿಯೊ ರಿಪೇರಿಯಲ್ಲಿ ಕೂದಲು ಹಣ್ಣು ಮಾಡಿಕೊಂಡವರು. ಎರಡರಲ್ಲೂ ಕೇಳಿ ನಗಲು ಶುರು ಮಾಡಿದರು. ನನಗೆ ಮೈ ಉರಿದುಹೋಯಿತು.

"ಲೇ ದೇವರಾಜ, ಖಾಲಿ ಎತ್ತಿನ ಗಾಡಿ ಓಡ್ಸಿದೀಯೇನ್ಲಾ?" ಎಂದರು.

"ಓಡ್ಸಿದೀನಿ ಕಣಣ್ಣ."

"ಎಂಗೆ ಓಯ್ತದೆ?"

"ಗಡಗಡಾಂತ ಎಗರಾಡ್ಕಂಡು ಓಯ್ತದೆ."

"ನಾಕ್ ಮೂಟೆ ರಾಗಿ ಏರ್ಬುಟ್ರೆ?"

"ನೆಲ ಕಚ್ಕಂಡು ಓಯ್ತದೆ."

"ಈ ಮೈಕು ಅಂಗೇ ಕಣ್ಲಾ. ಅಳೇ ಆಂಪ್ಲಿಫೈಯರ್ ಒಳ್ಗೆ ಒಂದು ಟ್ರಾನ್ಸ್‌ಫಾರ್ಮರ್ ಕುಂತೈತೆ. ಅದು ಮೈಕಿನ್ ಮ್ಯಾಲೆ ಒಂದೀಟು ಬಾರ ಆಕ್ತಿತ್ತು. ಆ ಬಾರ ಒತ್ಕಂಡು ಓಗೋ ಅಂಗೇ ಈ ಮೈಕ್ ಮಾಡವ್ರೆ. ನಿನ್ ಒಸಾ ಮಿಕ್ಸರ್ ಏನೂ ಬಾರ ಆಕಾಕಿಲ್ಲ, ಬಿಟ್ಬುಡ್ತದೆ. ಖಾಲಿ ಗಾಡಿ ಎಗರಾಡ್ತೈತೆ."

ಭಾರ ಹಾಕುವುದು ಹೇಗೆಂದು ಕೇಳಿದೆ. ಡಬ್ಬದಿಂದ ಒಂದು ರೆಸಿಸ್ಟರ್ ಎತ್ತಿ ಅಂಗೈಗೆ ಹಾಕಿದರು. ಅಕ್ಕಿಕಾಳಿಗಿಂತ ತುಸು ದಪ್ಪ, ಎರಡು ಕಡೆ ತಂತಿಯ ಕಾಲು. ಮೊದಲು ಹಾಕಿದ್ದು ಎರಡು ಸಾವಿರ ಓಮಿನದು, ಹೆಚ್ಚು ವ್ಯತ್ಯಾಸ ಆಗಲಿಲ್ಲ. ಆಮೇಲೆ ನೂರೈವತ್ತರದು, ಅದು ಅತಿಯಾಗಿ ದನಿ ಕಂಬಳಿ ಹೊದ್ದು ಮಾತಾಡಿದ ಹಾಗಾಯಿತು. ಕಡೆಗೆ ಆರುನೂರ ಎಂಬತ್ತರದು. ನೀಲಿ, ಬೂದು, ಕಂದು ಪಟ್ಟೆಯದು. ಮೈಕನ್ನು ಬಿಚ್ಚಲಿಲ್ಲ ಟೀಚರ್, ಆಣೆಗೂ ಬಿಚ್ಚಲಿಲ್ಲ. ವೈರಿನ ತುದಿಯ ಪಿನ್ನಿನೊಳಗೆ ದನಿ ಹೋಗುವ ಎರಡು ಕಡ್ಡಿಗಳ ನಡುವೆ ಅದನ್ನು ಬೆಸುಗೆ ಹಾಕಿದೆವು, ಅರ್ತ್ ಕಡ್ಡಿಯನ್ನು ಮುಟ್ಟದೆ. ದನಿ ಸ್ವಲ್ಪ ಕಮ್ಮಿಯಾಯಿತು, ವಾಲ್ಯೂಮ್ ಏರಿಸಿದೆ. ಅಷ್ಟೇ. ಕೀರಲು ಹೋಯಿತು.

ಅಕ್ಕಿಕಾಳಿನಂಥದ್ದು, ಟೀಚರ್. ಅಂಥದೇ ಇನ್ನೊಂದನ್ನು ಅಂಗೈಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಅರಕಲಗೂಡಿನವರೆಗೂ ನೋಡುತ್ತಾ ಬಂದೆ.

ಜೊತೆಗೆ ಒಂದು ಕ್ಯಾಸೆಟ್ ಇಟ್ಟಿದ್ದೇನೆ. ನಮ್ಮ ದೊಡ್ಡಮ್ಮ ದೊಡ್ಡತಾಯಮ್ಮ ಸೋಬಾನೆ ಹೇಳುವುದರಲ್ಲಿ ಊರಿಗೇ ಹೆಸರು. ಅವರನ್ನು ಕೂರಿಸಿ ನಿಮ್ಮ ಮೈಕಿನಲ್ಲಿ ಹಾಡಿಸಿದೆ. ಮೊದಲ ಹಾಡು ಬೇರೆ ವೈರಿನಲ್ಲಿ, ರೆಸಿಸ್ಟರ್ ಇಲ್ಲದೆ, ಎರಡನೆಯದು ಇದ್ದು. ಮೊದಲನೆಯದು ಕೇಳಿ ದೊಡ್ಡಮ್ಮ, "ಇದ್ಯಾವ ಮುಂಡೇದು ಕಿರುಚ್ತಾ ಇರೋದು?" ಎಂದು ಕೇಳಿದರು. ನಿಮ್ಮ ಮೈಕಿಗೆ ಅವರ ಬಾಯಿ ತಾಗಿಸಿದ್ದಕ್ಕೆ ಬೈಯಬೇಡಿ.

ನಾನು ಕಾಲಿಗೆ ಬಿದ್ದರೂ ಆ ಆರು ವರ್ಷ ವಾಪಸು ಬರುವುದಿಲ್ಲವೆಂದು ಗೊತ್ತು. ಆದರೂ ಬಿದ್ದಿದ್ದೇನೆ ಎಂದು ತಿಳಿಯಿರಿ.

ತಮ್ಮ ವಿಧೇಯ,
ದೇವರಾಜು


ಹೊಳೆನರಸೀಪುರ
14-4-2004

ದೇವರಾಜುವಿಗೆ,

ಶಾಲೆಯ ಟೇಪ್‌ರೆಕಾರ್ಡರ್ ಮನೆಗೆ ತಂದು ನಿನ್ನ ಕ್ಯಾಸೆಟ್ ಹಾಕಿದೆ. ಎದುರಿಗೆ ನನ್ನ ಹಾಸನದ ವಾಚನದ ಹಳೆಯ ಕ್ಯಾಸೆಟ್ಟನ್ನೂ ಇಟ್ಟುಕೊಂಡಿದ್ದೆ. ಮೊದಲು ನಿನ್ನ ದೊಡ್ಡಮ್ಮ, ಆಮೇಲೆ ನಾನು, ಮತ್ತೆ ದೊಡ್ಡಮ್ಮ. ಅದೇ ತಗಡು, ಅದೇ ಕೆರೆತ. ನಿನ್ನ ದೊಡ್ಡಮ್ಮನೂ ನಾನೂ ಒಂದೇ ಬಸುರಲ್ಲಿ ಹುಟ್ಟಿದವರ ಹಾಗೆ ಕಿರುಚುತ್ತಿದ್ದೆವು. ಅವರ ಎರಡನೆಯ ಹಾಡು ಬಂತು ನೋಡು, ಎಷ್ಟು ತುಂಬು ದನಿಯಪ್ಪ ಆ ತಾಯಿಯದು! ನಾನು ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಿಮಗೆಲ್ಲ ಪಾಠ ಮಾಡಿದವಳು ನಾನು. ಆ ಗಾದೆಗೆ ಹೆದರಿಯೇ ನಾನು ಯಂತ್ರದ ಮೇಲೆ ತಪ್ಪು ಹೊರಿಸಲಿಲ್ಲ. ನೆಲವೇ ಡೊಂಕಾಗಿತ್ತಲ್ಲೋ ದೇವರಾಜು!

ಸಿಟ್ಟು ನಿನ್ನ ಮೇಲೆ ಎಷ್ಟಿದೆಯೋ ನನ್ನ ಮೇಲೆ ಅದಕ್ಕಿಂತ ಒಂದು ಹಿಡಿ ಹೆಚ್ಚಿದೆ. ಯಾಕೆ ಅಂತ ಹೇಳುತ್ತೇನೆ. ಸಭೆಯವರು ಕೇಳಿದ್ದು ಸ್ಪೀಕರಿನ ದನಿ. ನನ್ನ ಬಾಯಿಂದ ನೇರವಾಗಿ ಹೊರಟ ದನಿಯನ್ನು ಕೇಳಿದವರು ಒಬ್ಬರೇ, ಪಕ್ಕದಲ್ಲಿ ಅರ್ಥ ಹೇಳಲು ಕೂತಿದ್ದವರು. ಅವತ್ತು ಮನೆಗೆ ಬಂದ ಕೂಡಲೇ ಅವರು ಹೇಳಿದರು: "ಚೂಡಾ, ನಿನ್ನ ಗಂಟಲಿಗೆ ಏನೂ ಆಗಿಲ್ಲ ಕಣೇ. ನಾನು ಪಕ್ಕದಲ್ಲೇ ಕೇಳಿದೆನಲ್ಲ." ಆಮೇಲೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ನಾನು ಏನು ಉತ್ತರ ಕೊಟ್ಟೆ ಗೊತ್ತೇ? "ಹೆಂಡತಿ ಅಂತ ಕನಿಕರ ಪಡಬೇಡಿ" ಎಂದೆ. ಹಿತ್ತಲ ಗಿಡ ಮದ್ದಲ್ಲ. ಕಟ್ಟಿಕೊಂಡವರ ಮಾತು ಮಾತಲ್ಲ. ನಿನ್ನ ಸ್ಪೀಕರಿನ ಮಾತೇ ನನಗೆ ವೇದವಾಯಿತು.

ಡಾಕ್ಟರು ಗಂಟಲು ನೋಡಿ ಏನೂ ದೋಷವಿಲ್ಲ ಎಂದರು. ಅದನ್ನೂ ನಂಬಲಿಲ್ಲ. ಪಾಪ, ಯಜಮಾನರು ಸೋಲಲಿಲ್ಲ. ತೊಂಬತ್ತೊಂಬತ್ತರಲ್ಲಿ ಒಂದು ದಿನ ನಿಮ್ಮ ಅರಕಲಗೂಡಿಗೆ ಹೋಗಿ ಒಂದು ಚೀಲ ಹಸಿ ಶುಂಠಿ ಹೊತ್ತು ತಂದರು. ಇಲ್ಲಿ ಸಿಗುವುದಿಲ್ಲವೇ ಎಂದು ರೇಗಿದರೆ, ಅಲ್ಲಿಯದು ಗಂಟಲಿಗೆ ಒಳ್ಳೆಯದು ಎಂದರು. ಮೊಣಕಾಲು ನೋವಿನ ಮನುಷ್ಯ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದರು. ಎರಡು ತಿಂಗಳು ದಿನಾ ಬೆಳಿಗ್ಗೆ ಅವರೇ ಕಷಾಯ ಮಾಡಿ ಕೊಟ್ಟರು. ನಾನು ಕುಡಿದೆ, ಆದರೆ ಬಾಯಿಬಿಟ್ಟು ಒಂದು ಪದ್ಯ ಓದಲಿಲ್ಲ. ಅವರು ಕೇಳಬೇಕು ಅಂತ ಕಾಯುತ್ತಲೇ ಹೋಗಿಬಿಟ್ಟರು.

ಇವತ್ತಿಗೆ ಇಷ್ಟು ಸಾಕು.

ಚೂಡಾಮಣಿ


ಅರಕಲಗೂಡು
3-5-2004

ಟೀಚರ್ ಅವರಿಗೆ,

ನಿಮ್ಮ ಪತ್ರದಲ್ಲಿ ಶುಂಠಿಯ ಮಾತು ಓದಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ. ಇದನ್ನು ಬರೆಯದೆ ಇದ್ದರೆ ನಿಮಗೆ ಎಂದಿಗೂ ತಿಳಿಯುತ್ತಿರಲಿಲ್ಲ. ಬೇಡ ಎಂದು ಹೆಂಡತಿಯೂ ಹೇಳಿದಳು. ಆದರೂ ಬರೆಯುತ್ತೇನೆ.

ಅವತ್ತು ನಿಮ್ಮ ಯಜಮಾನರು ವರದರಾಜಯ್ಯನವರು ಶುಂಠಿಗೆ ಬಂದಿರಲಿಲ್ಲ ಟೀಚರ್. ನನ್ನ ಹತ್ತಿರ ಬಂದಿದ್ದರು.

ಮಧ್ಯಾಹ್ನ ಹನ್ನೆರಡರ ಹೊತ್ತು. ಕೈಯಲ್ಲಿ ಅದೇ ಬಟ್ಟೆ ಚೀಲ, ಒಳಗೆ ನಿಮ್ಮ ಮೈಕು. ಟ್ರಂಕಿನ ಬೀಗದ ಕೈ ಹುಡುಕಿ ನಿಮಗೆ ಹೇಳದೆ ತಂದಿದ್ದೇನೆ ಎಂದರು. ಎಷ್ಟು ಮೆತ್ತಗೆ ಕೇಳಿದರು! "ದೇವರಾಜು, ನಿನ್ನ ಮೇಲೆ ದೂರಿಲ್ಲ. ನಿನ್ನ ಮಿಕ್ಸರಿಗೆ ಇದನ್ನು ಒಂದು ಸಲ ಸಿಕ್ಕಿಸು. ನಾನು ಇದರಲ್ಲಿ ಮಾತಾಡುತ್ತೇನೆ. ನನ್ನ ದನಿ ಹೇಗೆ ಬರುತ್ತದೆ ನೋಡೋಣ. ಎಂಜಲಾಗುತ್ತದೆ, ಆಗಲಿ. ಅವಳಿಗೆ ಹೇಳುವುದಿಲ್ಲ."

ಅವರಿಗೆ ಆಗಲೇ ಹೊಳೆದಿತ್ತು ಟೀಚರ್. ನನಗೆ ಹೊಳೆಯಲು ಇನ್ನೂ ಐದು ವರ್ಷ ಬೇಕಾಯಿತು.

ನಾನು ಏನು ಹೇಳಿದೆ ಗೊತ್ತೇ? "ಮಿಕ್ಸರು ಮದ್ವೆ ಮನೇಗೆ ಓಗೈತೆ ಸಾ" ಎಂದೆ. ಮಿಕ್ಸರು ಅಲ್ಲೇ, ಅವರ ಬೆನ್ನ ಹಿಂದೆ, ಟಾರ್ಪಾಲಿನ ಕೆಳಗೆ ಇತ್ತು. ಮಿಕ್ಸರಿನದೇ ತಪ್ಪು ಎಂದಾಗಿಬಿಟ್ಟರೆ ನನ್ನ ಮರ್ಯಾದೆ ಎಲ್ಲಿಗೆ ಹೋದೀತು ಎಂಬ ಭಯ. ತಾಲ್ಲೂಕಿಗೇ ಮೊದಲ ಮಿಕ್ಸರು ತಂದವನು ಎಂದು ಎಲ್ಲರ ಹತ್ತಿರ ಮೀಸೆ ತಿರುವಿದ್ದೆ.

ಅವರು ಟಾರ್ಪಾಲಿನ ಕಡೆ ನೋಡಿದರು. ಒಂದು ಮೂಲೆ ಮೇಲೆದ್ದಿತ್ತು. ಅವರಿಗೆ ಗೊತ್ತಾಯಿತು ಎಂದು ನನಗೂ ಗೊತ್ತಾಯಿತು. ಒಂದು ಮಾತು ಬೈಯಲಿಲ್ಲ. "ಹಾಗಾದರೆ ಇನ್ನೊಂದು ಸಲ ಬರುತ್ತೇನಪ್ಪ" ಎಂದು ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದರು. ಎದುರಿನ ಅಂಗಡಿಯಲ್ಲಿ ಶುಂಠಿ ಕಟ್ಟಿಸಿಕೊಂಡದ್ದನ್ನು ನಾನು ಒಳಗಿನಿಂದಲೇ ನೋಡಿದೆ.

ಮತ್ತೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಕ್ಷಮಿಸಿ ಎಂದು ಬರೆಯಲು ನನಗೆ ನಾಚಿಕೆಯಾಗುತ್ತದೆ.

ದೇವರಾಜು


ಹೊಳೆನರಸೀಪುರ
22-8-2004

ದೇವರಾಜು,

ಮೂರೂವರೆ ತಿಂಗಳು ಬರೆಯಲಿಲ್ಲ. ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದೆ. ಅವುಗಳಲ್ಲಿ ಒಂದನ್ನು ನೀನು ಓದಿದ್ದರೂ ಮತ್ತೆ ತಲೆ ಎತ್ತುತ್ತಿರಲಿಲ್ಲ.

ಅವರ ಪಂಚೆಗಳ ಅಡಿಗೆ ಮೈಕು ಹೇಗೆ ಬಂತು ಎಂದು ಈಗ ತಿಳಿಯಿತು. ಟ್ರಂಕಿಗೆ ವಾಪಸು ಹಾಕಲಿಲ್ಲ. ಇನ್ನೊಂದು ಸಲ ನಿನ್ನ ಹತ್ತಿರ ಬರಬೇಕೆಂದು ಕೈಗೆ ಸಿಗುವ ಹಾಗೆ ಇಟ್ಟುಕೊಂಡಿದ್ದರು. ಆ ವರ್ಷವೇ ಮೊಣಕಾಲು ಪೂರ್ತಿ ಕೈಕೊಟ್ಟಿತು, ಆಮೇಲೆ ಬಸ್ಸು ಹತ್ತಲಿಲ್ಲ. ನನಗೆ ಹೇಳಬಹುದಿತ್ತು. ಹೇಳಿದರೆ ಎಂಜಲಾಯಿತು ಅಂತ ನಾನು ಮೈಕನ್ನೇ ಹೊಳೆಗೆ ಎಸೆಯುತ್ತೇನೆ ಎಂದು ಹೆದರಿದರೇನೋ. ಎಸೆಯುತ್ತಿದ್ದೆ ಕೂಡ. ಅವತ್ತಿನ ನಾನು ಅಂಥವಳೇ.

ನೀನು ಟಾರ್ಪಾಲಿನ ಕೆಳಗೆ ಮಿಕ್ಸರ್ ಬಚ್ಚಿಟ್ಟೆ. ನಾನು ಮಡಿಯ ಕೆಳಗೆ ಮೈಕು ಬಚ್ಚಿಟ್ಟೆ. ನಡುವೆ ಆ ಮನುಷ್ಯ ಚೀಲ ಹಿಡಿದುಕೊಂಡು ಓಡಾಡಿದರು.

ಮೇ ತಿಂಗಳಿಂದ ದಿನಾ ಬೆಳಿಗ್ಗೆ ಓದುತ್ತಿದ್ದೇನೆ. ಮೊದಲ ದಿನ ನಾಲ್ಕು ಸಾಲಿಗೆ ಉಸಿರು ಕಟ್ಟಿತು. ಈಗ ಒಂದು ಗಂಟೆ ಆಗುತ್ತದೆ. ಹೇಗಿದೆ ಎಂದು ನನಗೆ ತಿಳಿಯದು. ನನ್ನ ಕಿವಿಯನ್ನು ನಾನೇ ನಂಬುವುದು ಬಿಟ್ಟು ಬಹಳ ಕಾಲವಾಯಿತು.

ಅಕ್ಟೋಬರ್ ಹತ್ತು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ ಚನ್ನರಾಯಪಟ್ಟಣದ ಅದೇ ಸಭಾಂಗಣ. ಸಂಘದವರಿಗೆ ನಾನೇ ಕಾಗದ ಬರೆದು ಒಪ್ಪಿಸಿದ್ದೇನೆ. ಅದೇ ಮಿಕ್ಸರು ತಾ, ನನ್ನ ಮೈಕು ತಾ, ನಿನ್ನ ಅಕ್ಕಿಕಾಳು ತಾ. ಅವತ್ತು ಎಲ್ಲರೆದುರು ನಾನು ನಿನ್ನನ್ನು ಒಂದು ಪ್ರಶ್ನೆ ಕೇಳುತ್ತೇನೆ. ನಿಜ ಹೇಳಬೇಕು. ಕನಿಕರಕ್ಕೆ ಸುಳ್ಳು ಹೇಳಿದರೆ ಇನ್ನು ಜನ್ಮದಲ್ಲಿ ನಿನ್ನ ಮುಖ ನೋಡುವುದಿಲ್ಲ.

ಚೂಡಾಮಣಿ


ಅರಕಲಗೂಡು
13-10-2004

ಪೂಜ್ಯ ಟೀಚರ್ ಅವರ ಪಾದಗಳಿಗೆ ನಮಸ್ಕಾರಗಳು.

ಮನೆಗೆ ಬಂದು ಮೂರು ದಿನವಾಯಿತು. ನೀವು ಅಲ್ಲೇ ಇದ್ದಿರಿ, ಆದರೆ ನನ್ನ ಕಡೆಯಿಂದ ಹೇಗಿತ್ತು ಎಂದು ನಿಮಗೆ ಬರೆಯಲೇಬೇಕು.

ವೇದಿಕೆಯ ಮೇಲೆ ಅಭ್ಯಾಸಬಲದಿಂದ ಎರಡು ಮೈಕು ಇಟ್ಟುಬಿಟ್ಟೆ, ನಿಮ್ಮದೊಂದು, ಯಜಮಾನರಿಗೆ ಹಾಕುತ್ತಿದ್ದದ್ದೊಂದು. ನೋಡಿ ನಾಲಿಗೆ ಕಚ್ಚಿಕೊಂಡು ತೆಗೆಯಲು ಹೋದರೆ ನೀವು "ಇರಲಿ ಬಿಡು" ಎಂದಿರಿ. ನೀವು ಒಂದು ಪದ್ಯ ಓದಿ ನಿಲ್ಲಿಸುವಿರಿ, ಅವರು ಅರ್ಥ ಹೇಳುವಷ್ಟು ಹೊತ್ತು ಸುಮ್ಮನಿರುವಿರಿ, ಮತ್ತೆ ಓದುವಿರಿ.

ಮೂರನೆಯ ಪದ್ಯವಾದ ಮೇಲೆ ನೀವು ಪುಸ್ತಕದಿಂದ ಕಣ್ಣೆತ್ತಿ ಮೈಕಿನಲ್ಲೇ ಕರೆದಿರಿ. "ದೇವರಾಜು, ಬಾ ಇಲ್ಲಿ. ಅವರು ಕೂತಿದ್ದ ಜಾಗದಲ್ಲಿ ಕೂತುಕೋ. ಸ್ಪೀಕರಿನಿಂದ ಕೇಳಬೇಡ, ಅವರು ಕೇಳುತ್ತಿದ್ದ ಕಡೆಯಿಂದ ಕೇಳು." ಮಿಕ್ಸರ್ ಬಿಟ್ಟು ಎದ್ದು ಬಂದೆ. ಕೂತೆ. ನೀವು ಒಂದು ಪದ್ಯ ಪೂರ್ತಿ ಓದಿದಿರಿ. ಆಮೇಲೆ ಕೇಳಿದಿರಿ, "ಈಗ ಹೇಳು. ನನ್ನ ಗಂಟಲು ಹೇಗಿದೆ?"

ಎದುರಿಗೆ ಮೈಕು ಆನ್ ಆಗಿತ್ತು. ಈ ಸಲ ನನಗೆ ಗೊತ್ತಿತ್ತು.

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು ಟೀಚರ್. ಚಿನ್ನದ ಹಾಗಿದೆ ಎಂದುಬಿಟ್ಟರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಆದರೆ ಟಾರ್ಪಾಲು ನೆನಪಾಯಿತು.

"ಇಲ್ಲೂ ಅದೇಯ, ಸ್ಪೀಕರ್‌ನಾಗೂ ಅದೇಯ ಟೀಚರ್," ಎಂದೆ. "ಇವತ್ತು ಮೈಕ್‌ದೇನೂ ತಪ್ಪಿಲ್ಲ. ಗಂಟ್ಲು ಅಳೇದಾಗೈತೆ. ಮ್ಯಾಕೆ ಏರ್ದಾಗ ಒಡೀತೈತೆ. ಆದ್ರೆ ನಿಮ್ದೇಯ. ಪೂರ್ತಿ ನಿಮ್ದೇಯ."

ಮುಂದಿನ ಸಾಲಿನಲ್ಲಿದ್ದ ಸಂಘದವರು ಹಣೆ ಚಚ್ಚಿಕೊಂಡದ್ದು ನನಗೆ ಕಂಡಿತು. ಮತ್ತೆ ಅದೇ ಹಾಲಿನಲ್ಲಿ, ಅದೇ ಮಾತು, ಅದೇ ನಾನು. ನೀವು ಪುಸ್ತಕ ಮುಚ್ಚುತ್ತೀರಿ ಎಂದೇ ತಿಳಿದೆ.

ನೀವು ನಕ್ಕಿರಿ. ಮೈಕಿನಲ್ಲಿ ನಿಮ್ಮ ನಗು ನಾಲ್ಕೂ ಮೂಲೆಗೆ ಹೋಯಿತು. "ಅಬ್ಬ, ಕಡೆಗೂ ಒಬ್ಬ ನಿಜ ಹೇಳಿದನಪ್ಪ" ಎಂದು ಪುಟ ತಿರುವಿ ಒಂದೂವರೆ ಗಂಟೆ ಓದಿದಿರಿ. ಒಡೆದ ಕಡೆ ಒಡೆಯಿತು. ಯಾರೂ ಏಳಲಿಲ್ಲ.

ನನ್ನನ್ನು ಆ ಜಾಗದಿಂದ ಎಬ್ಬಿಸಲೂ ಇಲ್ಲ ನೀವು. ಮಿಕ್ಸರಿನ ಮುಂದೆ ಯಾರೂ ಇಲ್ಲದೆ ಕಾರ್ಯಕ್ರಮ ನಡೆದದ್ದು ಇದೇ ಮೊದಲು.

ಮೈಕು ನನ್ನ ಹತ್ತಿರವೇ ಉಳಿದಿದೆ. ಸ್ಪಿರಿಟ್ಟಿನಲ್ಲಿ ಚೆನ್ನಾಗಿ ಒರೆಸಿ, ಹೊಸ ಬಟ್ಟೆಯಲ್ಲಿ ಸುತ್ತಿ ರಾಮಣ್ಣನವರ ಕೈಯಲ್ಲಿ ಕಳಿಸಲೇ?

ತಮ್ಮ ವಿಧೇಯ,
ದೇವರಾಜು


ಹೊಳೆನರಸೀಪುರ
19-10-2004

ಚಿ. ದೇವರಾಜುವಿಗೆ ಆಶೀರ್ವಾದಗಳು.

ನೀನು ಕ್ಷೇಮವೇ? ಜಯಲಕ್ಷ್ಮಮ್ಮ ಕ್ಷೇಮವೇ? ನಿನ್ನ ದೊಡ್ಡಮ್ಮ ಕ್ಷೇಮವೇ? ಅವರ ಸೋಬಾನೆಯನ್ನು ಇನ್ನೊಂದು ಸಲ ಕೇಳಬೇಕು, ಈ ಸಲ ಕ್ಯಾಸೆಟ್ಟಿನಲ್ಲಿ ಅಲ್ಲ.

ಒಡೆಯುತ್ತದೆ ಎಂದೆಯಲ್ಲ, ಹೌದು. ಏಳು ವರ್ಷ ಮುಚ್ಚಿಟ್ಟ ಬಾಗಿಲು ತೆರೆದರೆ ಕಿರ್ ಎನ್ನದೆ ಇರುತ್ತದೆಯೇ? ಮನೆಗೆ ಬಂದು ಒಬ್ಬಳೇ ಅತ್ತೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆ ಏಳು ವರ್ಷವನ್ನು ಇನ್ನು ಯಾರೂ ತಂದುಕೊಡಲಾರರು, ನೀನೂ ಇಲ್ಲ, ನಿನ್ನ ಅಕ್ಕಿಕಾಳೂ ಇಲ್ಲ. ಆದರೆ ಇಷ್ಟು ವರ್ಷದ ಮೇಲೆ ನನ್ನ ದನಿ ಹೇಗಿದೆ ಎಂದು ನನಗೆ ಸರಿಯಾಗಿ ಗೊತ್ತಾಯಿತು. ಗೊತ್ತಿದ್ದರೆ ಅದರ ಜೊತೆ ಬಾಳಬಹುದು.

ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಶುಂಠಿ ಹೆಚ್ಚುವಾಗಲೆಲ್ಲ ಮತ್ತೆ ಬರುತ್ತದೆ. ಬಂದಾಗ ಬೈದುಕೊಳ್ಳುತ್ತೇನೆ, ನಿನಗೆ ಬಿಕ್ಕಳಿಕೆ ಬಂದರೆ ಸಹಿಸಿಕೋ.

ಮುಂದಿನ ತಿಂಗಳ ಎರಡನೇ ಭಾನುವಾರ ದುದ್ದದಲ್ಲಿ ಓದಲು ಕರೆದಿದ್ದಾರೆ. ಒಪ್ಪಿದ್ದೇನೆ. ಮೈಕನ್ನು ರಾಮಣ್ಣನ ಕೈಯಲ್ಲಿ ಕಳಿಸಬೇಡ, ನೀನೇ ತೆಗೆದುಕೊಂಡು ಬಾ. ನಾನು ಕೂರುವ ಮೊದಲು ನೀನು ಅದರಲ್ಲಿ ನಿನ್ನ ಕೋಣನ ದನಿಯಲ್ಲಿ ನಾಲ್ಕು ಮಾತಾಡಿ ನೋಡು. ದನಿ ಸರಿ ಇದ್ದರೆ ನನ್ನ ಮುಂದೆ ಇಡು.

ಒರೆಸಬೇಡ.

ಇತಿ ನಿನ್ನ,
ಚೂಡಾಮಣಿ ಟೀಚರ್